ದೊರೆ ಅಸ್ವಸ್ಥನಾದಾಗ ಮಂತ್ರಿಗಳು

ಪಾಯಾ ಲೆಬಾರಿನಲ್ಲಿ ಹಿರಿಯರಿಗಾಗಿ ಏರ್ಪಟ್ಟಿದ್ದ ಆರೋಗ್ಯ ಮಾಹಿತಿಯ ಕೂಟದಲ್ಲಿ ರಕ್ತದೊತ್ತಡ, ಮಧುಮೇಹಗಳ ಮಾತು ಮುಗಿಸಿ ನಾವು ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ಯ ವಿಷಯಕ್ಕೆ ಬಂದೆವು. ಮನಸ್ಸಿನ ಸಾಮರ್ಥ್ಯ ಕುಂದಿದರೆ ನಮ್ಮ ಪರವಾಗಿ ತೀರ್ಮಾನ ಕೈಗೊಳ್ಳುವವರು ಯಾರೆಂಬುದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವ ಪತ್ರವದು. ಮೈಸೂರಿನ ಕಡೆಯ ಹಿರಿಯರೊಬ್ಬರು, “ಡಾಕ್ಟರೇ, ಬದುಕಿರುವಾಗಲೇ ಪಟ್ಟ ಬಿಡಿ ಎನ್ನುತ್ತೀರಲ್ಲ!” ಎಂದರು. ಸಭೆ ನಕ್ಕಿತು. ತಕ್ಕ ಉತ್ತರ ನಮಗೆ ಅಲ್ಲಿ ಹೊಳೆಯಲಿಲ್ಲ. ಪಟ್ಟದ ಮಾತು ಬಂದುದರಿಂದಲೋ ಏನೋ, ಮರಳುವ ದಾರಿಯಲ್ಲಿ ಇಂಗ್ಲೆಂಡಿನ ಒಬ್ಬ ದೊರೆಯ ನೆನಪಾಯಿತು.

1810ರ ಕೊನೆಯಲ್ಲಿ ಮೂರನೆಯ ಜಾರ್ಜ್ ದೊರೆಯ ಮನೋವ್ಯಾಧಿ ಮರುಕಳಿಸಿತು. ಪಾರ್ಲಿಮೆಂಟು ವೈದ್ಯರನ್ನು ಕರೆಸಿ, ದೊರೆ ಗುಣಮುಖನಾಗುವನೇ ಎಂದು ವಿಚಾರಿಸಿತು. ನಮ್ಮ ವೃತ್ತಿಯವರಿಗೆ ಇಂದಿಗೂ ಕಠಿಣವಾದ ಪ್ರಶ್ನೆಯದು. 1811ರ ಫೆಬ್ರವರಿಯಲ್ಲಿ ರೀಜೆನ್ಸಿ ಕಾಯಿದೆ ಜಾರಿಗೆ ಬಂದು, ಹಿರಿಯ ಮಗ ರಾಜಪ್ರತಿನಿಧಿಯಾದನು. ದೊರೆಯ ದೇಹದ ಆರೈಕೆಯನ್ನು ರಾಣಿ ಷಾರ್ಲೆಟ್‌ಗೂ ರಾಜ್ಯದ ವ್ಯವಹಾರವನ್ನು ಮಗನಿಗೂ ಕಾಯಿದೆ ಬೇರೆ ಬೇರೆಯಾಗಿ ಹಂಚಿತು. ಮೊದಲ ಒಂದು ವರ್ಷ ಮಗನ ಅಧಿಕಾರಕ್ಕೆ ಮಿತಿಗಳನ್ನೂ ಹಾಕಿತು. ಸಿಂಗಪುರದ ಇಂದಿನ ಪತ್ರದಲ್ಲಿಯೂ ವೈಯಕ್ತಿಕ ಕ್ಷೇಮ ಒಂದು ಭಾಗ, ಆಸ್ತಿ ವ್ಯವಹಾರ ಇನ್ನೊಂದು. ಎರಡನ್ನೂ ಒಬ್ಬರಿಗೇ ವಹಿಸಬೇಕೆಂಬ ಕಡ್ಡಾಯವಿಲ್ಲ.

ತಂದೆಯ ಮಂತ್ರಿಗಳನ್ನು ಮಗ ಕೂಡಲೇ ವಜಾ ಮಾಡುವನೆಂದು ಬಹುಮಂದಿ ಎಣಿಸಿದ್ದರು. ಅವನ ಹಳೆಯ ಗೆಳೆಯರೆಲ್ಲ ವಿರೋಧ ಪಕ್ಷದಲ್ಲಿದ್ದರು. ಆದರೆ ಅವನು ಸ್ಪೆನ್ಸರ್ ಪರ್ಸಿವಲ್‌ನ ಸಂಪುಟವನ್ನು ಹಾಗೆಯೇ ಉಳಿಸಿಕೊಂಡನು. ತಂದೆ ಚೇತರಿಸಿಕೊಂಡು ಎದ್ದಾಗ ತನ್ನ ಮಂತ್ರಿಗಳಿಲ್ಲದುದನ್ನು ಕಂಡರೆ ಆಘಾತವಾದೀತೆಂಬುದು ಅವನು ಕೊಟ್ಟ ಕಾರಣ. ಪರ್ಸಿವಲ್ ಪ್ರಧಾನಿಯೂ ಹಣಕಾಸು ಮಂತ್ರಿಯೂ ಆಗಿದ್ದನು. ಲಾರ್ಡ್ ಲಿವರ್‌ಪೂಲ್ ಯುದ್ಧ ಮತ್ತು ವಸಾಹತುಗಳನ್ನು ನೋಡಿಕೊಳ್ಳುತ್ತಿದ್ದನು. ವಿದೇಶಾಂಗ ಮಂತ್ರಿ ನಮಗೆ ಪರಿಚಿತನೇ: 1799ರಲ್ಲಿ ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತ ಹಳೆಯ ಕಲ್ಲಿನ ಸೇತುವೆಗೆ ಅವನದೇ ಹೆಸರು. 1804ರಲ್ಲಿ ಅದನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು.

ಪೂರ್ಣಯ್ಯನವರದೂ ಪರರ ಪರವಾಗಿ ನಡೆಸಿದ ಆಳ್ವಿಕೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಅವರಿನ್ನೂ ಐದು ವರ್ಷದ ಬಾಲಕರು. ಹನ್ನೆರಡು ವರ್ಷ ರಾಜ್ಯಭಾರವನ್ನು ಹೊತ್ತ ದಿವಾನರು, ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳ ಕಪ್ಪ ತೆತ್ತ ಮೇಲೂ ಖಜಾನೆಯನ್ನು ತುಂಬಿಟ್ಟಿದ್ದರು. ಲಂಡನ್ನಿನಲ್ಲಿ ರೀಜೆನ್ಸಿ ಆರಂಭವಾದ 1811ರಲ್ಲಿಯೇ ಮೈಸೂರಿನದು ಮುಗಿಯಿತು. ಯುವರಾಜರು ಅಧಿಕಾರವನ್ನು ಕೇಳಿದಾಗ ಬಿಟ್ಟುಕೊಡುವುದು ಹಿರಿಯ ದಿವಾನರಿಗೆ ಸುಲಭವಾಗಿರಲಿಲ್ಲ. ಆದರೂ ಬಿಟ್ಟು ಶ್ರೀರಂಗಪಟ್ಟಣಕ್ಕೆ ತೆರಳಿದರು. 1812ರ ಮಾರ್ಚಿನಲ್ಲಿ ತೀರಿಕೊಂಡರು. ವೆಲ್ಲೆಸ್ಲಿ ಅದೇ ವರ್ಷಾರಂಭದಲ್ಲಿ ಸಂಪುಟವನ್ನು ತೊರೆದಿದ್ದನು. ಮೇ 11ರಂದು ಪರ್ಸಿವಲ್‌ ಹೌಸ್ ಆಫ್ ಕಾಮನ್ಸ್‌ನ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದನು. ಅವನ ಸ್ಥಾನಕ್ಕೆ ಬಂದ ಲಿವರ್‌ಪೂಲ್ ಸುಮಾರು ಹದಿನೈದು ವರ್ಷ ಆಳಿ, 1827ರಲ್ಲಿ ಪಾರ್ಶ್ವವಾಯು ಬಡಿದು ಅಧಿಕಾರ ಬಿಡಬೇಕಾಯಿತು. ಯಾರ ಚೇತರಿಕೆಗಾಗಿ ಸಂಪುಟವನ್ನು ಉಳಿಸಲಾಗಿತ್ತೋ ಆ ದೊರೆ ಮಾತ್ರ 1820ರಲ್ಲಿ ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲೇ ಇಲ್ಲ.

ಪಾರ್ಶ್ವವಾಯುವಿನ ಹೆಸರೆತ್ತಿದಾಗ ನಮ್ಮ ತಂದೆಯವರ ಹಾಸಿಗೆ ಕಣ್ಮುಂದೆ ಬರುತ್ತದೆ. ಅವರ ಮಾತು ನಿಂತಮೇಲೆ ಆಹಾರದ ನಳಿಕೆ ಹಾಕಬೇಕೇ, ಊರಿನ ಮನೆಯನ್ನು ಏನು ಮಾಡಬೇಕು ಎಂಬುದನ್ನೆಲ್ಲ ನಾವು ಒಡಹುಟ್ಟಿದವರು ಊಹೆಯಿಂದ ನಿರ್ಧರಿಸಿದೆವು. ಊಹೆಗಳು ಒಂದಕ್ಕೊಂದು ಹೊಂದಲಿಲ್ಲ. ವೈದ್ಯರಾಗಿದ್ದೂ ಅವರು ಮಾತನಾಡುತ್ತಿದ್ದ ದಿನಗಳಲ್ಲಿ ನಾವು ಒಮ್ಮೆಯೂ ಕೇಳಿರಲಿಲ್ಲ.

ಆ ಹಿರಿಯರಿಗೆ ನಮ್ಮ ಉತ್ತರ ಇಷ್ಟೇ: ಈ ಪತ್ರ ಬರೆದರೆ ಪಟ್ಟ ಬಿಟ್ಟಂತಾಗುವುದಿಲ್ಲ. ಸಾಮರ್ಥ್ಯವಿರುವವರೆಗೆ ದೊರೆ ನೀವೇ; ಬೇಡವೆನಿಸಿದರೆ ಪತ್ರವನ್ನು ರದ್ದುಪಡಿಸಲೂಬಹುದು. ಮುಂದೆ ನಿಮ್ಮ ಪರವಾಗಿ ನಿಲ್ಲುವ ಮಂತ್ರಿ ಯಾರು, ಅವನ ಮಿತಿ ಏನು ಎಂಬುದನ್ನು ಇಂದು ನೀವೇ ಗೊತ್ತುಮಾಡುತ್ತೀರಿ. ಬರೆಯದಿದ್ದರೆ ಮನೆಯವರು ನ್ಯಾಯಾಲಯದ ಮೆಟ್ಟಿಲೇರಬೇಕಾದೀತು. ಮೂರನೆಯ ಜಾರ್ಜನಿಗೆ ಅದನ್ನೆಲ್ಲ ಪಾರ್ಲಿಮೆಂಟು ಗೊತ್ತುಮಾಡಿತು.

ಒಂದು ತಪ್ಪೊಪ್ಪಿಗೆಯೂ ಉಂಟು. ಇಷ್ಟೆಲ್ಲ ಹೇಳುವ ನಾವೇ ನಮ್ಮ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ಮುಂದಿನ ಕೂಟಕ್ಕೆ ಮುನ್ನ ಹಾಕಿ, ಆ ಹಿರಿಯರ ಪಕ್ಕದಲ್ಲಿಯೇ ಕುಳಿತುಕೊಳ್ಳುವೆವು.