ಅಡುಗೆಮನೆ ಕಪಾಟಿನ ಕೀಲು



ಹೊಸೂರು, ತಿರುಪ್ಪೂರು, ಬೆಂಗಳೂರು ಎಂದು ಕೆಲಸಕ್ಕೆ ಹೋದ ನಮ್ಮವರು ಧರ್ಮಪುರಿ ಜಿಲ್ಲೆಯ ಊರುಗಳಲ್ಲಿ ಅಪ್ಪ ಅಮ್ಮನಿಗೆ ಒಳ್ಳೊಳ್ಳೆಯ ಅಡುಗೆಮನೆ ಮಾಡಿಸಿಕೊಟ್ಟಿದ್ದಾರೆ. ಹೊಳೆಯುವ ಕಪಾಟು, ಬಣ್ಣಬಣ್ಣದ ಬಾಗಿಲು. ನಾಲ್ಕೈದು ವರ್ಷಕ್ಕೆ ಬಾಗಿಲು ಜೋತು ಬೀಳುತ್ತದೆ. ಎರಡು ಕೀಲು ಬದಲಿಸಲು ಆಚಾರಿ ಬರುವುದಿಲ್ಲ. ಬಂದರೆ ಅರ್ಧ ದಿನದ ಕೂಲಿ ಕೇಳುತ್ತಾರೆ. ಅವರ ದಿನ ಹಾಳಾಗುವುದರಿಂದ ಕೇಳುವುದು ನ್ಯಾಯವೇ. ಮಕ್ಕಳು ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುತ್ತಾರೆ. ಆ ಎರಡು ದಿನದಲ್ಲಿ ಕೀಲು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಈ ವರ್ಷ ನಮ್ಮ ಧರ್ಮಕೇಂದ್ರದ ಯುವಜನರು ಭಾನುವಾರ ಪೂಜೆ ಮುಗಿದ ಮೇಲೆ ಈ ಕೆಲಸಕ್ಕೆ ಇಳಿದಿದ್ದೇವೆ. ಯುವಕರ ಸಂಘಕ್ಕೆ ಬೇರೆ ಕೆಲಸ ಸಿಗಲಿಲ್ಲವೇ ಎಂದು ಕೆಲವರು ನಕ್ಕರು. ನಗಲಿ.

ಕೀಲು ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಬಾಗಿಲಲ್ಲ, ಮಂಡಿ. ಧರ್ಮಪುರಿ, ಕೃಷ್ಣಗಿರಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತಾರೆ. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳ ನೀರು ಆ ಮಿತಿಯನ್ನು ದಾಟಿತ್ತು. ಬಂಡೆಯಿಂದ ಕರಗಿ ಬರುವ ವಸ್ತು ಅದು, ಬಣ್ಣವಿಲ್ಲ, ರುಚಿಯಿಲ್ಲ. 2013ರಲ್ಲಿ, ಜಪಾನಿನ ಸಾಲದ ನೆರವಿನಿಂದ ಕಟ್ಟಿದ ಹೊಗೇನಕಲ್ ಯೋಜನೆಯಲ್ಲಿ ಕಾವೇರಿ ನೀರು ಹಳ್ಳಿಗಳಿಗೆ ಬರತೊಡಗಿತು. ಚಿಕ್ಕ ಮಕ್ಕಳ ಹಲ್ಲಿಗೆ ಅದು ದೊಡ್ಡ ಉಪಕಾರ. ಆದರೆ ಮೂವತ್ತು ನಲವತ್ತು ವರ್ಷ ಬೋರ್ ನೀರು ಕುಡಿದವರ ಮೂಳೆಯಲ್ಲಿ ಕೂತದ್ದು ಸುಲಭಕ್ಕೆ ಹೋಗುವುದಿಲ್ಲ. ಬೆನ್ನು ಬಗ್ಗುವುದಿಲ್ಲ, ಕೈ ಪೂರ್ತಿ ಮೇಲೇಳುವುದಿಲ್ಲ.

ಅಂಥ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆವು. ಸೊಂಟದ ಎತ್ತರದ ಕಪಾಟಿನ ಬಾಗಿಲು ಮೇಲಿನ ಕೀಲು ಕಿತ್ತು ವಾಲಿತ್ತು. ತೆರೆಯಬೇಕಾದರೆ ಒಂದು ಕೈಯಲ್ಲಿ ಎತ್ತಿ ಹಿಡಿಯಬೇಕು. ಅದು ಆಗದೆ ಅವರು ದಿನಬಳಕೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಜೋಡಿಸಿಕೊಂಡಿದ್ದರು. ಬಗ್ಗಲಾಗದವರಿಗೆ ನೆಲದ ಮೇಲಿನ ಪಾತ್ರೆ ಎಂದರೆ ಏನು ಎಂದು ಯೋಚಿಸಿ. ಒಂದು ಕಾಲು ಚಾಚಿ, ಗೋಡೆ ಹಿಡಿದು, ನಿಧಾನವಾಗಿ ಇಳಿಯುತ್ತಿದ್ದರು. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆವು. "ಎಣಿಸಿದರೆ ಅಡಿಗೆ ಆಗ್ತದಾ?" ಎಂದರು.

ಮೇಲಿನ ಕೀಲೇ ಏಕೆ ಮೊದಲು ಕಿತ್ತು ಬರುತ್ತದೆ? ಬಿ.ಎಸ್ಸಿ.ಯಲ್ಲಿ ಓದಿದ ಸನ್ನೆಕೋಲಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. 60 ಸೆಂ.ಮೀ. ಎತ್ತರ, 40 ಸೆಂ.ಮೀ. ಅಗಲದ ಬಾಗಿಲು ಸುಮಾರು 3 ಕಿಲೋ ತೂಗುತ್ತದೆ. ಕೀಲುಗಳ ನಡುವೆ 40 ಸೆಂ.ಮೀ. ಅಂತರವಿದ್ದರೆ, ಆ ಭಾರ ಮೇಲಿನ ಕೀಲನ್ನು ಸುಮಾರು ಒಂದೂವರೆ ಕಿಲೋ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಹಿಡಿಕೆಗೆ 5 ಕಿಲೋ ಈರುಳ್ಳಿ ಚೀಲ ನೇತುಹಾಕಿದರೆ ಆ ಎಳೆತಕ್ಕೆ ಇನ್ನೂ 5 ಕಿಲೋ ಸೇರುತ್ತದೆ. ನಮ್ಮ ಕಡೆ ಚೀಲ ನೇತುಹಾಕದ ಹಿಡಿಕೆಯನ್ನು ನಾವಿನ್ನೂ ನೋಡಿಲ್ಲ.

ಬಾಗಿಲು ವಾಲಿದ ಕೂಡಲೇ ಹೊಸ ಕೀಲು ಬೇಕಾಗಿಲ್ಲ. ಬಟ್ಟಲಿನ ಹಾಗೆ ಬಾಗಿಲೊಳಗೆ ಕೂರುವ ಕೀಲಿನ ತೋಳಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಬಾಗಿಲ ಕಡೆಯದು ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಹೊರಕ್ಕೆ. ಅರ್ಧರ್ಧ ಸುತ್ತು ತಿರುಗಿಸಿ ನೋಡಿ. ಹೋದ ತಿಂಗಳು ಎರಡು ಮನೆಗಳಲ್ಲಿ ಅಷ್ಟರಲ್ಲೇ ಕೆಲಸ ಮುಗಿಯಿತು. ಸ್ಪ್ರಿಂಗ್ ಸತ್ತಿದ್ದರೆ, ತುಕ್ಕು ತಿಂದಿದ್ದರೆ ಮಾತ್ರ ಬದಲಿಸಿ.

ಬದಲಿಸುವಾಗ ಹಳೆಯ ಕೀಲನ್ನು ಅಂಗಡಿಗೆ ಒಯ್ಯಿರಿ. ಬಟ್ಟಲಿನ ಅಡ್ಡಳತೆ ಹೆಚ್ಚಾಗಿ 35 ಮಿ.ಮೀ. ಇರುತ್ತದೆ. ತೋಳಿನ ಬಾಗು ಮಾತ್ರ ಮೂರು ಬಗೆ: ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚಿದರೆ ನೇರ ತೋಳು, ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡರೆ ಸ್ವಲ್ಪ ಬಾಗಿದ ತೋಳು, ಬಾಗಿಲು ಚೌಕಟ್ಟಿನ ಒಳಗೇ ಕೂತರೆ ಹೆಚ್ಚು ಬಾಗಿದ ತೋಳು. ಇದು ತಪ್ಪಿದರೆ ಬಾಗಿಲು ಮುಚ್ಚುವುದೇ ಇಲ್ಲ. ನಾವು ಸೇಲಂನಲ್ಲಿ ಕೊಂಡೆವು. ಕಂಜಮಲೆಯ ಬುಡದಲ್ಲೇ ಸ್ಟೇನ್‌ಲೆಸ್ ಹಾಳೆ ಮಾಡುವ ಸರಕಾರಿ ಉಕ್ಕಿನ ಕಾರ್ಖಾನೆ ಇರುವ ಜಿಲ್ಲೆ ಅದು; ಅಲ್ಲಿಯೂ ಅಂಗಡಿಯಲ್ಲಿ ಸ್ಟೇನ್‌ಲೆಸ್ ಎಂದು ಕೊಡುವುದೆಲ್ಲ ಸ್ಟೇನ್‌ಲೆಸ್ ಅಲ್ಲ. ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇರಲಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಬಹುಪಾಲು ನಿಕಲ್ ಲೇಪ ಹಾಕಿದ ಸಾದಾ ಕಬ್ಬಿಣ. 304 ದರ್ಜೆಯ ಉಕ್ಕು ಅಂಟುವುದಿಲ್ಲ, ಬಗ್ಗಿಸಿದ ಜಾಗದಲ್ಲಿ ಅಲ್ಪಸ್ವಲ್ಪ ಅಂಟೀತು. ಸಿಂಕಿನ ಕೆಳಗಿನ ಬಾಗಿಲಿಗಾದರೂ ಇದನ್ನು ಹಾಕಿ, ಉಳಿದವಕ್ಕೆ ಸಾದಾದ್ದು ಸಾಕು.

ನಿಜವಾದ ತೊಂದರೆ ಕೀಲಿನದಲ್ಲ, ಹಲಗೆಯದು. ಮರದ ಹುಡಿ ಒತ್ತಿ ಮಾಡಿದ ಹಲಗೆ ನೀರು ಕುಡಿದು ಊದಿದರೆ ಸ್ಕ್ರೂ ನಿಲ್ಲುವುದಿಲ್ಲ. ತೂತು ಸ್ವಲ್ಪ ಸಡಿಲವಾಗಿದ್ದರೆ ಬೆಂಕಿಕಡ್ಡಿಯ ಮದ್ದು ಕೆರೆದು, ಫೆವಿಕಾಲ್ ಹಚ್ಚಿ ತುಂಬಿ, ಒಂದು ರಾತ್ರಿ ಒಣಗಲು ಬಿಡಿ. ಮರುದಿನ ಕೈಯಿಂದಲೇ ಸ್ಕ್ರೂ ಬಿಗಿಯಿರಿ, ಮೆಷಿನ್ ಬೇಡ. ಹಲಗೆ ಇಡ್ಲಿಯ ಹಾಗೆ ಮೆತ್ತಗಾಗಿದ್ದರೆ ಆ ಭಾಗ ತೆಗೆದು ಪ್ಲೈವುಡ್ ತುಂಡು ಕೂರಿಸಬೇಕು, ಅದಕ್ಕೆ ಐ.ಎಸ್. 710 ಮುದ್ರೆ ಇದ್ದರೆ ನೀರಿಗೆ ತಡೆಯುತ್ತದೆ. ಅಜ್ಜಿಯ ಮನೆಯಲ್ಲಿ ಹಾಗೇ ಮಾಡಿದೆವು, ಎರಡು ಭಾನುವಾರ ಹಿಡಿಯಿತು.

ಬಾಗಿಲು ಬಿಚ್ಚುವಾಗ ಒಬ್ಬರು ಕೆಳಗಿನಿಂದ ಹಿಡಿದಿರಬೇಕು. ಮೊದಲು ಕೆಳಗಿನ ಕೀಲು, ಆಮೇಲೆ ಮೇಲಿನದು. ಕೂರಿಸುವಾಗ ಮೇಲಿನದು ಮೊದಲು. ಒಂಟಿಯಾಗಿರುವ ಹಿರಿಯರಿಗೆ ಇದು ಆಗದ ಕೆಲಸ ಎನ್ನುವುದಕ್ಕೆ ಬೇರೆ ಕಾರಣ ಬೇಡ.

ಮೆಲ್ಲಗೆ ಮುಚ್ಚುವ ದುಬಾರಿ ಕೀಲು ತಂದಿದ್ದೆವು. ಅಜ್ಜಿ ಬೇಡವೆಂದರು. ಬಾಗಿಲು ಮುಚ್ಚಿದ ಸದ್ದು ಕೇಳಬೇಕಂತೆ, ಇಲ್ಲದಿದ್ದರೆ ಮುಚ್ಚಿತೋ ಇಲ್ಲವೋ ಎಂದು ತಿರುಗಿ ನೋಡಬೇಕು, ಕುತ್ತಿಗೆ ತಿರುಗುವುದಿಲ್ಲ. ಸಾದಾ ಸ್ಪ್ರಿಂಗಿನದೇ ಹಾಕಿದೆವು. ಗುಂಡು ಗುಬುಟು ತೆಗೆದು, ನಾಲ್ಕು ಬೆರಳೂ ತೂರುವ ಉದ್ದ ಹಿಡಿಕೆ ಹಾಕಿದೆವು. ಹಿಡಿಯಲು ಬಾರದ ಬೆರಳಿಗೂ ಅದನ್ನು ಎಳೆಯಬಹುದು. ಪಾತ್ರೆಗಳನ್ನು ಮೇಲಿಟ್ಟವರು ನಾವಲ್ಲ, ಅವರೇ. ಯಾವುದು ಎಲ್ಲಿ ಎಂದು ನಮಗೆ ಗೊತ್ತಾಗುವುದಿಲ್ಲವಂತೆ.

ಬರುವ ಭಾನುವಾರ ಇನ್ನೂ ಮೂರು ಮನೆಗಳಿವೆ. ಬರುವವರು 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ತನ್ನಿ, ನಮ್ಮಲ್ಲಿ ಒಂದೇ ಇದೆ. ಬೆಂಕಿಪೊಟ್ಟಣವನ್ನು ನಾವೇ ತರುತ್ತೇವೆ.