ಕಾಡುಕುರಿ ಹೆಸರಿನ ಗಾಡಿ

ನಮ್ಮ ಚಿಕ್ಕಪ್ಪ ಆನೆಯ ಎದುರು ಗಾಡಿ ಬಂದ್ ಮಾಡಿದ್ದು ಒಂದೇ ಸಲ. ಹಾಸನದಲ್ಲಿ ಮದುವೆ ಊಟ ಮುಗಿಸಿಕೊಂಡು ಬರುತ್ತಿದ್ದೆವು. ಮಗ್ಗೆ ದಾಟಿ ತೋಟದ ದಾರಿಗೆ ಹೊರಳುವಾಗ ರಾತ್ರಿ ಹನ್ನೊಂದಾಗಿತ್ತು. ತಿರುವಿನಲ್ಲಿ ಸಿಲ್ವರ್ ಮರಗಳ ಬುಡಕ್ಕೆ ಯಾರೋ ಗೋಡೆ ಕಟ್ಟಿದಂತೆ ಕಂಡಿತು. ಗೋಡೆ ಕಿವಿ ಬಡಿಯಿತು. ಅದರ ಹಿಂದೆ ಇನ್ನೆರಡು, ನಡುವೆ ಒಂದು ಮರಿ. ಗಾಡಿಯೊಳಗೆ ನಾವು ಹದಿಮೂರು ಜನ. ಅಜ್ಜಿ ಒಮ್ಮೆ "ಕೆಂಚಮ್ಮ ತಾಯಿ" ಅಂದದ್ದು ಬಿಟ್ಟರೆ ಯಾರ ಉಸಿರೂ ಕೇಳಲಿಲ್ಲ. ಚಿಕ್ಕಪ್ಪ ಲೈಟ್ ಆರಿಸಿ, ಕೀ ತಿರುಗಿಸಿ ಇಂಜಿನ್ನನ್ನೂ ನಿಲ್ಲಿಸಿಬಿಟ್ಟರು.

"ಬಂದ್ ಮಾಡ್ಬ್ಯಾಡ ಕಣೋ" ಅಂತ ಅಪ್ಪ ಪಿಸುಗುಟ್ಟಿದರು.

"ಸುಮ್ನಿರಣ್ಣ. ಇದು ಜೀಪಲ್ಲ."

ಕಾಲು ಗಂಟೆ ಕತ್ತಲಲ್ಲಿ ಕೂತಿದ್ದೆವು. ಆನೆಗಳು ನಿಧಾನವಾಗಿ ಕಾಫಿ ಸಾಲಿನೊಳಗೆ ಇಳಿದು ಹೋದವು. ಮರಿ ಮಾತ್ರ ರಸ್ತೆಯ ಮೇಲಿನ ಹಲಸಿನ ಸಿಪ್ಪೆಯೊಂದನ್ನು ಬಿಡಲೊಲ್ಲದೆ ಹಿಂದೆ ಉಳಿದು, ತಾಯಿಯಿಂದ ಸೊಂಡಿಲಲ್ಲಿ ಒಂದು ತಿವಿತ ತಿಂದು ಹೋಯಿತು. ಚಿಕ್ಕಪ್ಪ ಕೀ ತಿರುಗಿಸಿದರು. ಮೀಟರ್ ಬೋರ್ಡಿನಲ್ಲಿ ಸುರುಳಿ ಆಕಾರದ ಹೀಟರ್ ದೀಪ ಹತ್ತಿ ಆರಿತು. ಗಾಡಿ ಒಂದೇ ಏಟಿಗೆ ಎದ್ದಿತು.

ಅದು ಕ್ವಾಲಿಸ್. ಟೊಯೊಟಾ ಕಂಪನಿಯ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳು ಬಂದಿವೆ, ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಾಠವೂ ನಡೆಯುತ್ತದೆ. ಆ ಹೆಸರಿಗೆ ಬೆಲೆ ಯಾಕೆ ಬಂತು ಅನ್ನುವುದು ನನಗೆ ಅರ್ಥವಾದದ್ದು ಮಾತ್ರ ಆ ಕಾಲು ಗಂಟೆಯಲ್ಲಿ. ಕ್ವಾಲಿಸ್ ಬರುವ ಮೊದಲು ನಮ್ಮ ಮನೆಯಲ್ಲಿ ಒಂದು ಹಳೇ ಜೀಪಿತ್ತು. ಅದನ್ನು ಎಲ್ಲೇ ನಿಲ್ಲಿಸಿದರೂ ಇಳಿಜಾರು ನೋಡಿಯೇ ನಿಲ್ಲಿಸಬೇಕು. ಬೆಳಿಗ್ಗೆ ನಾಲ್ಕು ಜನ ನೂಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಲೆನಾಡಿನಲ್ಲಿ ಮನೆ ಕಟ್ಟುವವರು ವಾಸ್ತು ನೋಡುತ್ತಾರೋ ಇಲ್ಲವೋ, ಜೀಪು ನಿಲ್ಲಿಸಲು ಇಳಿಜಾರಂತೂ ನೋಡುತ್ತಿದ್ದರು.

ಚಿಕ್ಕಪ್ಪ ಕ್ವಾಲಿಸ್ ತಂದದ್ದು 2002ರಲ್ಲಿ, ಸಾಲ ಮಾಡಿ, ಹಳದಿ ಬೋರ್ಡಿನಲ್ಲಿ. ಖುಷಿಗೆ ತಂದದ್ದಲ್ಲ. ಆಗ ಜಗತ್ತಿನ ಕಾಫಿ ಬೆಲೆ ಮೂರು ದಶಕಗಳಲ್ಲಿ ಕಾಣದಷ್ಟು ಕೆಳಗಿಳಿದಿತ್ತು. ನಮ್ಮಂಥ ಐದಾರು ಎಕರೆಯವರಿಗೆ ಹಣ್ಣು ಕೊಯ್ಸಿದ ಕೂಲಿಯೂ ಹುಟ್ಟುತ್ತಿರಲಿಲ್ಲ. ಸಕಲೇಶಪುರ, ಆಲೂರು ಕಡೆ ಆಗ ಎಷ್ಟೋ ಸಣ್ಣ ಬೆಳೆಗಾರರು ಬಾಡಿಗೆ ಗಾಡಿಯ ಡ್ರೈವರುಗಳಾದರು. ಇನ್ನೊಂದು ಕಾರಣವನ್ನು ಜನ ಈಗ ಮರೆತಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲನ್ನು ಗೇಜ್ ಬದಲಿಸುವುದಕ್ಕೆಂದು 1996ರಲ್ಲಿ ನಿಲ್ಲಿಸಿದ್ದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರಿನ ಆಸ್ಪತ್ರೆ ಎಲ್ಲದಕ್ಕೂ ಶಿರಾಡಿಯ ರಸ್ತೆಯೇ ಗತಿ. ಕ್ವಾಲಿಸ್ ಮಾರಾಟದಲ್ಲಿದ್ದದ್ದು 2000ದಿಂದ 2005ರವರೆಗೆ. ರೈಲಿಲ್ಲದ ಆ ಕಾಲಕ್ಕೆಂದೇ ಯಾರೋ ಅಳತೆ ತೆಗೆದು ಕಳಿಸಿದ ಹಾಗಿತ್ತು.

ಚೆಂದದ ಗಾಡಿ ಅಂತ ಅದನ್ನು ಯಾರೂ ಹೇಳಲಿಲ್ಲ. ಮೂತಿ ಉದ್ದ, ಮೈ ಪೆಟ್ಟಿಗೆ. ಹಿಂದೆ ಲಾರಿಯ ಹಾಗೆ ಪ್ಲೇಟ್ ಸ್ಪ್ರಿಂಗು. ಬಂದ ಹೊಸದರಲ್ಲಿ ಪೇಟೆಯ ಪತ್ರಿಕೆಗಳು ಇದೇನು ಹಳೇ ಮಾದರಿಯನ್ನು ತಂದಿದ್ದಾರೆ ಎಂದು ಮೂಗು ಮುರಿದವು. ಅವರು ಹೇಳಿದ್ದು ನಿಜವೇ. ಆದರೆ ಅವರು ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವರಲ್ಲ.

ಹಿಂದೆ ಎದುರುಬದುರು ಕೂರುವ ಎರಡು ಸಣ್ಣ ಸೀಟುಗಳಿದ್ದವು. ಅದು ಮಕ್ಕಳ ಸಾಮ್ರಾಜ್ಯ. ಮುಂದೆ ಡ್ರೈವರ್ ಪಕ್ಕ ಮನೆಯ ಹಿರಿಯರು, ಮಡಿಲಲ್ಲಿ ತೆಂಗಿನಕಾಯಿ ಚೀಲ. ನಡುವಿನ ಸೀಟಿನಲ್ಲಿ ಹೆಂಗಸರು ನಾಲ್ವರು, ಅವರ ತೊಡೆಯ ಮೇಲೆ ಇಬ್ಬರು. ಉಳಿದವರು ಹಿಂದೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು. ಹತ್ತು ಜನ ಅಂತ ಕಾಗದದಲ್ಲಿ ಬರೆದಿದ್ದರೆ ಅದಕ್ಕೆ ನಮ್ಮ ಕಡೆಯ ಅರ್ಥ ಹದಿನಾಲ್ಕು. ಹಿಂದಿನ ಸೀಟಿಗೆ ಹೋಗುವ ಮಕ್ಕಳ ಕೈಗೆಲ್ಲ ಅಜ್ಜಿ ಒಂದೊಂದು ನಿಂಬೆಹಣ್ಣು ಕೊಡುತ್ತಿದ್ದರು, ಮೂಸಿಕೊಂಡಿರಲಿ ಅಂತ. ದೋಣಿಗಲ್ಲಿನವರೆಗೆ ಹಾಡು, ಮಾರನಹಳ್ಳಿಯಲ್ಲಿ ಮೌನ, ಗುಂಡ್ಯ ಮುಟ್ಟುವುದರೊಳಗೆ ಒಬ್ಬನಾದರೂ ಕಿಟಕಿಯಿಂದ ತಲೆ ಹೊರಹಾಕಿರುತ್ತಿದ್ದ. ಗುಂಡ್ಯದಲ್ಲಿ ಗಾಡಿ ತೊಳೆಯುವುದೂ ಆ ಪ್ರವಾಸದ ಒಂದು ಭಾಗವೇ ಆಗಿತ್ತು. ಚಿಕ್ಕಪ್ಪ ಬೈಯದೆ ನೀರು ಹೊಯ್ಯುತ್ತಿದ್ದರು.

ಹೆಣವನ್ನೂ ಅದರಲ್ಲೇ ತಂದದ್ದುಂಟು. ಹೆರಿಗೆಗೂ ಅದೇ. ಹೆತ್ತೂರು ಕಡೆಯಿಂದ ಮಳೆಗಾಲದ ನಡುರಾತ್ರಿ ಫೋನು ಬಂದರೆ, ಬಾಡಿಗೆ ಎಷ್ಟು ಅಂತ ಕೇಳದೆ ಹೊರಡುತ್ತಿದ್ದ ಗಾಡಿಗಳು ಆಗ ಊರಿಗೆ ಒಂದೆರಡಾದರೂ ಇದ್ದವು. ಕೊಯ್ಲು ಬಂತೆಂದರೆ ಹಿಂದಿನ ಸೀಟು ಬಿಚ್ಚಿ ಕಾಫಿ ಚೀಲ ತುಂಬುವುದು, ಜಾತ್ರೆ ಬಂತೆಂದರೆ ಸೀಟು ಹಾಕಿ ಜನ ತುಂಬುವುದು. ಆ ಸೀಟಿನ ನಾಲ್ಕು ಬೋಲ್ಟು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಹನ್ನೆರಡರ ವಯಸ್ಸಿಗೇ ನನಗೆ ಸ್ಪ್ಯಾನರ್ ನಂಬರುಗಳು ಬಾಯಿಪಾಠವಾಗಿದ್ದವು.

ಟೊಯೊಟಾ ಎಂಬ ಹೆಸರನ್ನು ನಮ್ಮ ಊರು ಮೊದಲು ಓದಿದ್ದು ಎಂಬತ್ತರ ದಶಕದ ಡಿಸಿಎಂ ಟೊಯೊಟಾ ಲಾರಿಯ ಮೂತಿಯ ಮೇಲೆ. ಅದು ದೂರದ ಉತ್ತರದ ಗಾಡಿ. ಕ್ವಾಲಿಸ್ ಹಾಗಲ್ಲ, ನಮ್ಮ ಬಿಡದಿಯದು. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ 432 ಎಕರೆ ಜಾಗದಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ತಲೆಯೆತ್ತಿತು. ಕಂಪನಿ ಹುಟ್ಟಿದ್ದು 1997ರ ಅಕ್ಟೋಬರಿನಲ್ಲಿ, ಮೊದಲ ಗಾಡಿ ಹೊರಬಂದದ್ದು 1999ರ ಕೊನೆಗೆ. ಎರಡೂ ಕಡೆಯವರ ಮೂಲ ನೋಡಿದರೆ ಸಂಬಂಧ ಕುದುರಿದ್ದರಲ್ಲಿ ಆಶ್ಚರ್ಯವಿಲ್ಲ. ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು. ಆ ಕಡೆ ಜಪಾನಿನ ಸಾಕಿಚಿ ಟೊಯೊಡಾ ಮಗ್ಗ ಮಾಡಿದವರು. ಅವರ ಮಗ್ಗದ ವಿಶೇಷವೆಂದರೆ ನೂಲು ತುಂಡಾದರೆ ಅದು ತಾನಾಗಿ ನಿಲ್ಲುತ್ತಿತ್ತು, ಕೆಟ್ಟ ಬಟ್ಟೆಯನ್ನು ನೇಯುತ್ತಾ ಹೋಗುತ್ತಿರಲಿಲ್ಲ. ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್‌ಗೆ 1 ಲಕ್ಷ ಪೌಂಡಿಗೆ ಕೊಡುವ ಒಪ್ಪಂದವಾಯಿತು. ಮಗ ಕಿಚಿರೊ ಕಾರಿನ ಕಡೆ ಹೊರಳಿದರು. 1937ರಲ್ಲಿ ಮೋಟಾರ್ ಕಂಪನಿ ಬೇರೆಯಾಗಿ ನಿಂತಿತು. ಟೊಯೊಡಾ ಅನ್ನುವುದು ಟೊಯೊಟಾ ಆದದ್ದು ಅದರ ಹಿಂದಿನ ವರ್ಷ. ಜಪಾನೀ ಲಿಪಿಯಲ್ಲಿ ಹಾಗೆ ಬರೆದರೆ ಎಂಟೇ ಗೀಟು, ಎಂಟು ಅವರಿಗೆ ಶುಭ. ನಮ್ಮಲ್ಲಿ ಗಾಡಿ ನಂಬರಿನ ಅಂಕೆ ಕೂಡಿಸಿ ಒಂಬತ್ತು ಬರಬೇಕು ಅನ್ನುವವರನ್ನು ಕಂಡು ನಗುವವರು ಇದನ್ನೂ ನೆನಪಿಡಬೇಕು.

ನೂಲು ತುಂಡಾದರೆ ನಿಲ್ಲುವ ಆ ಬುದ್ಧಿಯನ್ನೇ ಅವರು ಕಾರ್ಖಾನೆಗೂ ತಂದರು. ಗಾಡಿ ಜೋಡಿಸುವ ಸಾಲಿನಲ್ಲಿ ದೋಷ ಕಂಡರೆ ಹಗ್ಗ ಎಳೆಯಬಹುದು, ಸಾಲೇ ನಿಲ್ಲುತ್ತದೆ. ಜಗತ್ತೆಲ್ಲ ಹೊಗಳಿದ್ದು ಇದನ್ನೇ. ಆನೆಯ ಎದುರು ಚಿಕ್ಕಪ್ಪನಿಗಿದ್ದ ಧೈರ್ಯದ ಬೇರು ಆ ಹಗ್ಗದಲ್ಲಿತ್ತು ಅಂತ ಈಗ ಅನ್ನಿಸುತ್ತದೆ.

ಕ್ವಾಲಿಸ್ ಅಸಲಿಗೆ ಇಂಡೋನೇಷ್ಯಾದ ಗಾಡಿ. ಅಲ್ಲಿ ಅದರ ಹೆಸರು ಕಿಜಾಂಗ್. ಅಲ್ಲಿನ ಹಳ್ಳಿಗಳಿಗೆಂದು, ಅಗ್ಗಕ್ಕೆ, ಹೆಚ್ಚು ಜನ ಹಿಡಿಸುವಂತೆ 1977ರಲ್ಲಿ ಆ ಹೆಸರಿನ ಮೊದಲ ಗಾಡಿ ಬಂದಿತ್ತು. ನಮಗೆ ಬಂದದ್ದು ಅದರ ಮೂರನೇ ತಲೆಮಾರು. ಕಿಜಾಂಗ್ ಅಂದರೆ ಏನು ಅಂತ ಹುಡುಕಿದಾಗ ನನಗೆ ನಗು ಬಂತು. ಅದು ನಮ್ಮ ಕಾಡುಕುರಿ. ಸಂಜೆ ಹೊತ್ತು ಕಾಫಿ ತೋಟದ ಅಂಚಿನಲ್ಲಿ ನಾಯಿಯಂತೆ ಬೊಗಳುವ, ಆಳು ಕಂಡರೆ ತಲೆ ತಗ್ಗಿಸಿ ಕಂಟಿಯೊಳಗೆ ನುಗ್ಗುವ ಅದೇ ಕಾಡುಕುರಿ. ಈ ವಿಷಯವನ್ನು ಚಿಕ್ಕಪ್ಪನಿಗೆ ಹೇಳಿದೆ. "ಸರಿಯಾಗೇ ಇಟ್ಟವ್ರೆ. ನೋಡಾಕ್ ಏನಿಲ್ಲ, ಯಾವ್ ಕಂಟಿಲಾದ್ರೂ ನುಗ್ಗುತ್ತೆ" ಅಂದರು.

ಅದರ 2446 ಸಿಸಿ ಡೀಸೆಲ್ ಇಂಜಿನ್ನಿನಲ್ಲಿ ಕಂಪ್ಯೂಟರ್ ಅನ್ನುವ ವಸ್ತು ಇರಲಿಲ್ಲ. ಬಾಳ್ಳುಪೇಟೆಯಲ್ಲಿ ಒಬ್ಬರು ಮೇಸ್ತ್ರಿ ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಡಾಕ್ಟರು ಎದೆ ನೋಡುವಂತೆ ಕೇಳುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. "ಎರಡನೇ ನಾಝಲ್ ನೋಡ್ಬೇಕು" ಅನ್ನುತ್ತಿದ್ದರು. ಬಿಚ್ಚಿದರೆ ಎರಡನೆಯದೇ. ಆಗ ಗಾಡಿಯ ಕಾಯಿಲೆ ನಮ್ಮ ಭಾಷೆಯಲ್ಲಿತ್ತು. ಈಗ ಕಂಪ್ಯೂಟರ್ ಚುಚ್ಚಿ, ಅದು ಹೇಳಿದ ಕೋಡ್ ನಂಬರು ಓದಿ, ಹಾಸನಕ್ಕೋ ಬೆಂಗಳೂರಿಗೋ ಫೋನ್ ಮಾಡುತ್ತಾರೆ. ಆ ಮೇಸ್ತ್ರಿಯ ಮಗ ಶೆಡ್ ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

2005ರ ಆರಂಭದಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದರು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ನಿಲ್ಲಿಸಿದರು. ಇದನ್ನು ವ್ಯಾಪಾರದ ಜಾಣತನ ಅಂತ ಹೊಗಳುವವರಿದ್ದಾರೆ, ಇರಲಿ. ಇನ್ನೋವಾ ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಂದ ದಿನದಿಂದ ಟೊಯೊಟಾ ನಮ್ಮ ಗುಡ್ಡ ಬಿಟ್ಟು ಪೇಟೆಗೆ ಹೋಯಿತು. ಮೊದಲು ಸಾಹುಕಾರರ ಮನೆ, ಆಮೇಲೆ ಎಂಎಲ್ಎಗಳ ಮನೆ, ಈಗ ಹೋಂಸ್ಟೇಗಳಿಗೆ ಬೆಂಗಳೂರಿನಿಂದ ಶನಿವಾರ ಬರುವವರು. ನನ್ನ ಲೆಕ್ಕದಲ್ಲಿ ಆ ಕಂಪನಿ ಇವತ್ತಿಗೂ ಉಣ್ಣುತ್ತಿರುವುದು ಕ್ವಾಲಿಸ್ ದುಡಿದಿಟ್ಟ ಹೆಸರನ್ನು. 2019ರಿಂದ ಸುಜುಕಿಯ ಬಲೆನೊಗೆ ತನ್ನ ಲಾಂಛನ ಅಂಟಿಸಿ ಗ್ಲಾಂಝಾ ಅಂತ ಮಾರುತ್ತಿದ್ದಾರೆ, ಜನ ಕೊಳ್ಳುತ್ತಿದ್ದಾರೆ. ಆ ಲಾಂಛನಕ್ಕೆ ಬೆಲೆ ಕಟ್ಟಿದವರಲ್ಲಿ ಗುಂಡ್ಯದಲ್ಲಿ ವಾಂತಿ ತೊಳೆದ ಡ್ರೈವರುಗಳೂ ಇದ್ದಾರೆ.

ಹೆಸರಿಗೂ ಕಲೆ ಬಿದ್ದಿದೆ. 2009-10ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಬೇಕಾಯಿತು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್ನುಗಳ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ನಮ್ಮ ದೇಶದಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆ ಸ್ವಲ್ಪ ಕಾಲ ನಿಂತಿತು. ಆ ಇಂಜಿನ್ನು ಮಾಡಿದ್ದು ಟೊಯೊಟಾ ಇಂಡಸ್ಟ್ರೀಸ್, ಅಂದರೆ ಸಾಕಿಚಿಯವರ ಆ ಮಗ್ಗದ ಕಂಪನಿಯೇ. ನೂಲು ತುಂಡಾಗಿದ್ದು ಮಗ್ಗದ ಮನೆಯಲ್ಲೇ, ಯಾರೂ ಹಗ್ಗ ಎಳೆಯಲಿಲ್ಲ. ಈ ಸುದ್ದಿ ಓದಿದ ದಿನ ನನಗೆ ಬೇಸರವಾದದ್ದು ನಿಜ, ನೆಂಟರ ಮನೆಯ ಜಗಳ ಪೇಪರಿನಲ್ಲಿ ಬಂದ ಹಾಗೆ.

ಬಿಡದಿಗೆ ಈ ಕಾರ್ಖಾನೆ ತಂದವರಲ್ಲಿ ಮುಖ್ಯರಾದ ವಿಕ್ರಂ ಕಿರ್ಲೋಸ್ಕರ್ 2022ರ ನವೆಂಬರ್ 29ರಂದು ತೀರಿಕೊಂಡರು. ನಾಲ್ಕು ದಿನ ಹಿಂದಷ್ಟೇ ಹೊಸ ಹೈಕ್ರಾಸ್ ಗಾಡಿಯ ಅನಾವರಣದಲ್ಲಿ ನಿಂತಿದ್ದವರು. ಟೀವಿಯಲ್ಲಿ ನೋಡಿದ ಚಿಕ್ಕಪ್ಪ, "ನಮ್ಮ ಗಾಡಿ ಯಜಮಾನ್ರು ಹೋದ್ರು" ಅಂದರು. ಅವರನ್ನು ಚಿಕ್ಕಪ್ಪ ಒಮ್ಮೆಯೂ ಕಂಡವರಲ್ಲ.

ಸಕಲೇಶಪುರದ ಬಾಡಿಗೆ ಗಾಡಿಗಳ ಸಾಲಿನಲ್ಲಿ ಮೊನ್ನೆ ಸುಮ್ಮನೆ ನಿಂತು ನೋಡಿದೆ. ಒಂದೂ ಕ್ವಾಲಿಸ್ ಇರಲಿಲ್ಲ. ಕೆಲವು ಗುಜರಿಗೆ ಹೋಗಿವೆ, ಕೆಲವು ತೋಟದೊಳಗೆ ಗೊಬ್ಬರ ಹೊರುತ್ತಿವೆ. ನಮ್ಮದು ಮಾತ್ರ ಶೆಡ್ಡಿನಲ್ಲಿದೆ. ಬಾಡಿಗೆ ಬಿಟ್ಟ ಮೇಲೆ ಚಿಕ್ಕಪ್ಪ ಅದನ್ನು ಬಿಳಿ ಬೋರ್ಡಿಗೆ ಮಾಡಿಸಿದರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಗೇಟಿನವರೆಗೆ ಹೋಗಿ, ಹಿಂದಕ್ಕೆ ತರುತ್ತಾರೆ. ಸ್ಟಿಯರಿಂಗಿನ ಮೇಲೆ ಅವರ ಎಡಗೈ ಇರುವ ಜಾಗ ನುಣ್ಣಗೆ ಸವೆದು ಹೊಳೆಯುತ್ತದೆ. ಹಿಂದಿನ ಸೀಟಿನ ಸಂದಿಯಲ್ಲಿ ಕಳೆದ ವರ್ಷ ಒಣಗಿ ಕಲ್ಲಾದ ಒಂದು ನಿಂಬೆಹಣ್ಣು ಸಿಕ್ಕಿತು. ಅಜ್ಜಿ ತೀರಿಕೊಂಡು ಒಂಬತ್ತು ವರ್ಷ.

ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲಿನಿಂದ ಶುಲ್ಕ 5,000 ರೂಪಾಯಿ ಆಯಿತು, ಅದಕ್ಕೂ ಮೊದಲು 600 ಇತ್ತು. ಆ ವರ್ಷ ಚಿಕ್ಕಪ್ಪ ಗೊಣಗದೆ ಕಟ್ಟಿದರು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಅದನ್ನು 10,000 ಮಾಡಿದ್ದಾರೆ. ನಮ್ಮ ಗಾಡಿಯ ಆರ್‌ಸಿ 2027ರ ಮೇ ತಿಂಗಳಿಗೆ ಮುಗಿಯುತ್ತದೆ. ಏನು ಮಾಡುತ್ತೀರಿ ಅಂತ ಕೇಳಿದರೆ ಚಿಕ್ಕಪ್ಪ, "ಕಾಫಿ ರೇಟು ಚೆನ್ನಾಗೈತಲ್ಲ" ಅಂದು ಶೆಡ್ಡಿನ ಬಾಗಿಲು ಹಾಕಿದರು.