ಮೇಲಿನ ಕೋಣೆ, ಕೆಳಗಿನ ಮನೆ

ಪ್ರತಿವರ್ಷ ಪಿಯುಸಿ ಮುಗಿಸಿದ ಅನೇಕ ಯುವಕರು ಇಳಕಲ್ಲು, ಹುನಗುಂದ, ಬಾದಾಮಿಗಳಿಂದ ಬಾಗಲಕೋಟೆಗೆ ತೆರಳುತ್ತಾರೆ. ವಿದ್ಯಾಗಿರಿಯಲ್ಲಿ 1963ರಿಂದ ನಡೆದುಬಂದಿರುವ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಹಾಗೂ ಪದವಿ ಕಾಲೇಜುಗಳಿವೆ. ಹಾಸ್ಟೆಲಿನಲ್ಲಿ ಸ್ಥಳ ದೊರೆಯದವರು ಇಬ್ಬರು ಮೂವರು ಸೇರಿ ಬಾಡಿಗೆಗೆ ಕೋಣೆ ಹಿಡಿಯುತ್ತಾರೆ. ಅದು ಸಾಮಾನ್ಯವಾಗಿ ಒಂದು ಕುಟುಂಬ ವಾಸಿಸುವ ಮನೆಯ ಮೇಲಂತಸ್ತಿನ ಕೋಣೆಯಾಗಿರುತ್ತದೆ.

ಇಳಕಲ್ಲಿನ ಶಿಕ್ಷಕನಾಗಿ ನಾನು ಇಂತಹ ಅನೇಕ ಮಕ್ಕಳನ್ನು ಬೀಳ್ಕೊಟ್ಟಿದ್ದೇನೆ. ಹೊರಡುವಾಗ ತಾಯಿತಂದೆಯರು ಹೇಳುವ ಮಾತುಗಳು ನನಗೆ ಬಾಯಿಪಾಠವಾಗಿವೆ: ಚೆನ್ನಾಗಿ ಓದು, ನಮಾಝ್ ಬಿಡಬೇಡ, ಕೆಟ್ಟವರ ಸಹವಾಸ ಮಾಡಬೇಡ. ಇವೆಲ್ಲ ಅಗತ್ಯವೇ. ಆದರೆ "ಕೆಳಗಿನ ಮನೆಯವರ ಹಕ್ಕು ನಿನ್ನ ಮೇಲಿದೆ" ಎಂದು ಹೇಳುವವರು ವಿರಳ.

ಕೆಲವೊಮ್ಮೆ ಕೋಣೆ ಹುಡುಕಲು ಪಾಲಕರು ನನ್ನನ್ನೂ ಕರೆದೊಯ್ಯುತ್ತಾರೆ. ಹೀಗೊಮ್ಮೆ ನವನಗರದಲ್ಲಿ ಒಬ್ಬ ವೃದ್ಧೆಯನ್ನು ಭೇಟಿಯಾದೆ. ಮೇಲಿನ ಕೋಣೆ ಖಾಲಿ ಇತ್ತು, ಆದರೂ ಆಕೆ ಹಿಂಜರಿದರು. "ಹಿಂದಿನ ಹುಡುಗರು ಕೆಟ್ಟವರಲ್ರಿ ಮಾಸ್ತರ. ಆದ್ರ ಕೆಳಗ ಒಬ್ಬಾಕಿ ಮಲಗ್ಯಾಳ ಅನ್ನೂದು ಅವರಿಗೆ ನೆನಪ ಇರತಿದ್ದಿಲ್ಲ" ಎಂದರು.

ನವನಗರ ಉಳಿದ ಬಡಾವಣೆಗಳಂತಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಒಂದು ಭಾಗ ಸೇರಿತು. ಅಲ್ಲಿ ಮನೆ ಕಳೆದುಕೊಂಡವರಿಗಾಗಿ ನಿರ್ಮಾಣವಾದ ಊರು ಇದು. ಆ ತಾಯಿಯೂ ಹಾಗೆ ಬಂದವರೇ. "ಹಳೇ ಓಣ್ಯಾಗ ಗ್ವಾಡಿಗೆ ಗ್ವಾಡಿ ಹತ್ತಿತ್ತರಿ. ಈ ಕಡೆ ಕೆಮ್ಮಿದ್ರ ಆ ಕಡೆಯವರು ಬಂದು ಕೇಳತಿದ್ರು" ಎಂದು ನೆನೆದರು. ಅಂತಹವರು ಮನೆಯೊಂದನ್ನೇ ಅಲ್ಲ, ತಲೆಮಾರುಗಳ ನೆರೆಹೊರೆಯನ್ನೂ ಕಳೆದುಕೊಂಡಿದ್ದಾರೆ. ಅವರ ತಲೆಯ ಮೇಲಿನ ಕೋಣೆಗೆ ಬರುವ ವಿದ್ಯಾರ್ಥಿ ಬಾಡಿಗೆಯ ಜೊತೆಗೆ ಏನನ್ನು ತರುತ್ತಾನೆ?

ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯಲ್ಲಿ ತಂಗಿದರು. ಭೇಟಿಗೆ ಬರುವವರ ಅನುಕೂಲಕ್ಕಾಗಿ ಕೆಳ ಅಂತಸ್ತನ್ನು ಆರಿಸಿಕೊಂಡರು. ಮೇಲೆ ಅಬೂ ಅಯ್ಯೂಬ್ ದಂಪತಿಗಳಿದ್ದರು. ಪ್ರವಾದಿವರ್ಯರ(ಸ) ತಲೆಯ ಮೇಲೆ ನಡೆದಾಡುವುದೇ ಅವರಿಗೆ ಸಂಕಟವಾಗಿ, ಕೋಣೆಯ ಒಂದು ಬದಿಗೆ ಸರಿದು ರಾತ್ರಿ ಕಳೆದರು. ಒಮ್ಮೆ ನೀರಿನ ಮಡಕೆ ಒಡೆಯಿತು. ನೀರು ಕೆಳಗೆ ಸೋರಬಾರದೆಂದು ದಂಪತಿಗಳು ತಮ್ಮಲ್ಲಿದ್ದ ಒಂದೇ ಹೊದಿಕೆಯಿಂದ ಅದನ್ನು ಒರೆಸಿದರೆಂದು ಚರಿತ್ರೆಯಲ್ಲಿದೆ.

ಕೆಳಗಿದ್ದವರು ಪ್ರವಾದಿಯಾಗಿದ್ದರಿಂದ ಅವರು ಹಾಗೆ ನಡೆದುಕೊಂಡರು, ಸಾಮಾನ್ಯ ನೆರೆಯವರಿಗೆ ಅದು ಅನ್ವಯಿಸದು ಎನ್ನಬಹುದೇ? ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲರು(ಅ) ಎಷ್ಟು ಒತ್ತಿ ಹೇಳಿದರೆಂದರೆ, ಅವನನ್ನು ಆಸ್ತಿಗೂ ಹಕ್ಕುದಾರನನ್ನಾಗಿ ಮಾಡುವರೇನೋ ಎಂದು ಪ್ರವಾದಿಯವರಿಗೇ(ಸ) ಅನಿಸಿತ್ತು. ಮನೆಯಲ್ಲಿ ಕುರಿ ಕೊಯ್ದಾಗ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ) ವಿಚಾರಿಸಿದ್ದು ಇದೇ ಬೋಧನೆಯನ್ನು ನೆನೆದು. ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ಹತ್ತಿರದ ನೆರೆಯವನ ಜೊತೆಗೆ ಅಪರಿಚಿತ ನೆರೆಯವನನ್ನೂ, ಪಕ್ಕದಲ್ಲಿರುವ ಜೊತೆಗಾರನನ್ನೂ ಹೆಸರಿಸುತ್ತದೆ. ಕೋಣೆಯಲ್ಲಿ ಒಟ್ಟಿಗಿರುವ ಗೆಳೆಯನೂ ಈ ಕೊನೆಯ ಮಾತಿನೊಳಗೆ ಬರುತ್ತಾನೆಂದು ನಾನು ತಿಳಿಯುತ್ತೇನೆ.

"ನಾವು ಇರುವುದು ನಾಲ್ಕೇ ವರ್ಷ" ಎಂದು ಹುಡುಗರು ಹೇಳುವುದುಂಟು. ಆ ಕಾರಣಕ್ಕೇ ಅವರ ಹೊಣೆ ಹೆಚ್ಚಿನದು. ಒಂದೇ ಓಣಿಯಲ್ಲಿ ಬಾಳುವವರು ಇಂದು ಜಗಳಾಡಿದರೂ ನಾಳೆ ಮದುವೆಯಲ್ಲೋ ಮಣ್ಣಿನಲ್ಲೋ ಒಂದಾಗುತ್ತಾರೆ. ಬಾಡಿಗೆಯ ಹುಡುಗನಿಗೆ ಆ ಅವಕಾಶವಿಲ್ಲ. ಮನುಷ್ಯರ ಹಕ್ಕಿನಲ್ಲಿ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನಿಂದಲೇ ಕ್ಷಮೆ ಪಡೆಯಬೇಕೆಂಬುದು ನಮ್ಮ ಧರ್ಮದ ಬೋಧನೆ. ಕೀಲಿಕೈ ಒಪ್ಪಿಸಿ, ಸಾಮಾನು ಕಟ್ಟಿ, ಪುಣೆಗೋ ಬೆಂಗಳೂರಿಗೋ ಹೋದಮೇಲೆ ಆ ಅಜ್ಜಿಯನ್ನು ಎಲ್ಲಿ ಹುಡುಕುವುದು? ಅಷ್ಟರಲ್ಲಿ ಆಕೆ ಬದುಕಿರುವರೇ?

ಆದ್ದರಿಂದ ಮೇಲಿನ ಕೋಣೆಯಲ್ಲಿ ಪ್ರತಿದಿನ ನೆನಪಿಡಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ನೀರು ಬಿಡುವ ದಿನ ಟಾಕಿ ತುಂಬಿದೊಡನೆ ಮೋಟಾರು ಆರಿಸಿರಿ. ಹರಿದುಹೋಗುವುದು ಇನ್ನೊಬ್ಬರ ಕೊಡಕ್ಕೆ ಬರಬೇಕಾದ ನೀರು. ರಾತ್ರಿ ತಡವಾಗಿ ಬಂದರೆ ಬೈಕನ್ನು ಗೇಟಿನಿಂದಾಚೆಯೇ ಆರಿಸಿ ತಳ್ಳಿಕೊಂಡು ಬನ್ನಿರಿ. ಮಹಡಿಯ ಮೇಲೆ ಹೆಂಗಸರು ಹಪ್ಪಳ ಸಂಡಿಗೆ ಹಾಕುತ್ತಿದ್ದರೆ ಕೆಳಗಿಳಿಯಿರಿ. ದೃಷ್ಟಿ ತಗ್ಗಿಸುವ ಆಜ್ಞೆ ಅಲ್ಲಿಯೂ ಇದೆ. ಕೆಳಗಿನವರು ಸಸ್ಯಾಹಾರಿಗಳಾಗಿದ್ದರೆ ಮಾಂಸ ಬೇಯಿಸುವ ಬಗ್ಗೆ ಕೋಣೆ ಹಿಡಿಯುವಾಗಲೇ ಕೇಳಿ, ಒಪ್ಪಿದ ಮಾತಿಗೆ ಬದ್ಧರಾಗಿರಿ. ನಾಯಿಗಳು ಎಳೆದು ಅವರ ಹೊಸ್ತಿಲಿಗೆ ತರುವಂತೆ ಎಲುಬುಗಳನ್ನು ಎಸೆಯಬೇಡಿರಿ.

ರಮಝಾನಿನಲ್ಲಿ ಸಹ್ರಿಗೆ ಏಳುವುದು ನಮ್ಮ ಉಪವಾಸಕ್ಕಾಗಿ. ಪಾತ್ರೆಗಳ ಸದ್ದಿಗೆ ಕೆಳಗಿನ ಮಗು ಎಚ್ಚರಗೊಳ್ಳಬೇಕಾಗಿಲ್ಲ. ಪ್ರವಚನವನ್ನು ಸ್ಪೀಕರಿನಲ್ಲಿ ಹಾಕುವವರಿಗೂ ಒಂದು ಮಾತು. ಮಸೀದಿಯಲ್ಲಿ ಕೆಲವರು ಗಟ್ಟಿಯಾಗಿ ಕುರ್‌ಆನ್ ಪಾರಾಯಣ ಮಾಡುತ್ತಿದ್ದಾಗ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿರೆಂದು ಪ್ರವಾದಿ(ಸ) ತಡೆದಿದ್ದರು. ಪಾರಾಯಣಕ್ಕೇ ಈ ಮಿತಿ ಇರುವಾಗ ಉಳಿದ ಸದ್ದಿನ ಮಾತೇನು?

ತೊಂದರೆ ಕೊಡದಿರುವುದು ಅರ್ಧ ಹಕ್ಕು ಮಾತ್ರ. ಸಾರಿಗೆ ನೀರು ಹೆಚ್ಚು ಹಾಕಿಯಾದರೂ ನೆರೆಯವರಿಗೆ ಕೊಡಬೇಕೆಂದು ಅಬೂದರ್‌ರಿಗೆ(ರ) ಉಪದೇಶಿಸಲಾಗಿತ್ತು. ನಮ್ಮ ಸಾರನ್ನು ಅವರು ಉಣ್ಣದಿದ್ದರೆ ಖರ್ಜೂರವನ್ನೋ ಹಣ್ಣನ್ನೋ ಕೊಡಬಹುದು. ಸಿಲಿಂಡರ್ ಎತ್ತಿಡುವುದು, ಔಷಧ ತಂದುಕೊಡುವುದು, ಎಸ್ಸೆಸ್ಸೆಲ್ಸಿಯ ಹುಡುಗಿಗೆ ಗಣಿತ ಬಾರದಿದ್ದರೆ ತಂದೆತಾಯಿಯರ ಎದುರಿನಲ್ಲಿ ಹೇಳಿಕೊಡುವುದು, ಇವೂ ಕೊಡುಗೆಗಳೇ.

ಹೆಸರು ಕೇಳಿದೊಡನೆ ಮುಚ್ಚುವ ಬಾಗಿಲುಗಳನ್ನೂ ನಾನು ಕಂಡಿದ್ದೇನೆ. ಆ ನೋವು ಸುಳ್ಳಲ್ಲ. ನಮ್ಮ ಸನ್ನಡತೆಯಿಂದ ಅವೆಲ್ಲ ತೆರೆಯುತ್ತವೆಂಬ ಭರವಸೆಯನ್ನೂ ನಾನು ಕೊಡಲಾರೆ. ಆದರೆ ನೆರೆಯವರ ಹಕ್ಕು ಬಾಗಿಲು ತೆರೆಸಲು ಕೊಡುವ ಬೆಲೆಯಲ್ಲ. ಅದು ಅಲ್ಲಾಹನು ನಮ್ಮ ಮೇಲೆ ಹೊರಿಸಿದ ಹೊಣೆ.

ಪಾಲಕರೇ, ಮಗನನ್ನು ಬಿಟ್ಟುಬರುವ ದಿನ ಕೆಳಗಿನ ಮನೆಯವರನ್ನು ಕಂಡು ಮಾತನಾಡಿರಿ. "ತಪ್ಪಿದರೆ ನಮಗೆ ಹೇಳಿರಿ" ಎಂದು ನಿಮ್ಮ ಫೋನ್ ನಂಬರ್ ಕೊಡಿರಿ. ಕೋಣೆ ಬಿಡುವ ದಿನ ಮಗನು ನೆಲ ಗುಡಿಸಿ, ಕರೆಂಟ್ ಬಿಲ್ ತೀರಿಸಿ, ಅವರ ಮುಂದೆ ನಿಂತು "ಕಹಾ ಸುನಾ ಮಾಫ್" ಎನ್ನುವ ನಮ್ಮ ಮನೆಮಾತನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಅವರು "ಹೋಗಿ ಬಾ ತಮ್ಮಾ" ಎಂದು ಮನಸಾರೆ ಹರಸಿದರೆ, ಪದವಿಯ ಪತ್ರದ ಜೊತೆ ಅದನ್ನೂ ಅವನು ಊರಿಗೆ ತಂದಂತೆ. ಅಲ್ಲಾಹನು ನಮ್ಮ ಮಕ್ಕಳಿಗೆ ಆ ಭಾಗ್ಯವನ್ನು ನೀಡಲಿ. ಆಮೀನ್.